ಟ್ರಯಲ್ಸ್‌ಗೆ ಇಳಿಸಿದ ಹಳೆ ಬುಲೆಟ್‌ಗೆ ಹಿಂದಿನ ಶಾಕ್: ಮೊದಲು ತೂಕ, ಆಮೇಲೆ ಉದ್ದ

ಪ್ರಶ್ನೆ: ನನ್ನದು 1970ರ ದಶಕದ ಬುಲೆಟ್ 350. ಟ್ರಯಲ್ಸ್ (ಕಲ್ಲು, ಬಂಡೆಗಳ ಮೇಲೆ ಕಾಲೂರದೆ ನಿಧಾನವಾಗಿ ಓಡಿಸುವ ಸ್ಪರ್ಧೆ) ಓಡಿಸುವುದಕ್ಕೆಂದು ಸೀಟು, ಮಡ್‌ಗಾರ್ಡ್, ಟೂಲ್‌ಬಾಕ್ಸ್ ಎಲ್ಲ ಬದಲಿಸಿ 140 ಕೆಜಿಗೆ ಇಳಿಸಿದ್ದೇನೆ. ಹಿಂದಿನ ಎರಡೂ ಶಾಕ್ (ಶಾಕ್ ಅಬ್ಸಾರ್ಬರ್) ಎಣ್ಣೆ ಸೋರುತ್ತಿವೆ. ಪಾದೆಕಲ್ಲಿನ ಮೇಲೆ, ಮುರಕಲ್ಲಿನ (ಜಂಬಿಟ್ಟಿಗೆಯ) ಮೆಟ್ಟಿಲಿನಲ್ಲಿ ಹಿಂದಿನ ಚಕ್ರ ಪುಟಿದು ಹಿಡಿತ ಬಿಡುತ್ತದೆ. ಈಗಿನದಕ್ಕಿಂತ 20 ಮಿಮೀ ಹೆಚ್ಚು ಉದ್ದದ ಗ್ಯಾಸ್ ಶಾಕ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಹಾಕಿಸಬಹುದೇ? ಅಳತೆಗಳು: ಶಾಕ್‌ನ ಕಣ್ಣಿನಿಂದ (ತುದಿಯಲ್ಲಿ ಬೋಲ್ಟ್ ಹಾಕುವ ತೂತು) ಕಣ್ಣಿಗೆ 320 ಮಿಮೀ, ರಾಡ್ ಓಡಾಟ 85 ಮಿಮೀ. ಸ್ಪ್ರಿಂಗ್ ತಂತಿ 8 ಮಿಮೀ, ಹೊರ ಅಗಲ 58 ಮಿಮೀ, 16 ಸುತ್ತು, ಬಿಚ್ಚಿಟ್ಟಾಗ ಉದ್ದ 225 ಮಿಮೀ. ಶಾಕ್‌ನಲ್ಲಿ ಸ್ಪ್ರಿಂಗ್ ಕೂರುವ ಎರಡು ಸೀಟುಗಳ ನಡುವೆ 217 ಮಿಮೀ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು) ಪಿವಟ್‌ನಿಂದ ಆಕ್ಸಲ್‌ಗೆ 460, ಶಾಕ್‌ನ ಕೆಳಗಿನ ಬೋಲ್ಟ್‌ಗೆ 430 ಮಿಮೀ. ಬೂಟು, ಹೆಲ್ಮೆಟ್ ಸೇರಿ ನನ್ನ ತೂಕ 72 ಕೆಜಿ. (ಕಾರ್ಕಳದ ಓದುಗರು)

ಉತ್ತರ: ಇಷ್ಟು ಅಳತೆ ಕಳಿಸಿದ್ದಕ್ಕೆ ಕೃತಜ್ಞತೆ. ಶಾಕ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಯಾವ ಕಂಪನಿಯದು ಒಳ್ಳೆಯದು ಎಂಬಲ್ಲಿಗೇ ನಿಲ್ಲುತ್ತವೆ, ಅದಕ್ಕೆ ಅಳತೆಯಿಲ್ಲದೆ ಉತ್ತರವಿಲ್ಲ. ನಿಮ್ಮ ಅಂಕಿಗಳಲ್ಲೇ ನಿಮ್ಮ ಗಾಡಿಯ ತೊಂದರೆ ಕಾಣುತ್ತದೆ. ಸೋರಿಕೆ ಅದರ ಒಂದು ಪಾಲು ಮಾತ್ರ. ದೊಡ್ಡ ಪಾಲು ಸ್ಪ್ರಿಂಗ್‌ನದು: ಈಗಿರುವ ಸ್ಪ್ರಿಂಗ್ ನಿಮಗೆ ಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಗಟ್ಟಿ. ಅದೇ ಗಟ್ಟಿತನದ ಹೊಸ ಶಾಕ್ ಎಷ್ಟೇ ದುಬಾರಿಯದು ತಂದು ಹಾಕಿದರೂ ಚಕ್ರ ಪುಟಿಯುವುದು ನಿಲ್ಲುವುದಿಲ್ಲ.

ರಸ್ತೆಯ ಬುಲೆಟ್‌ನ ಶಾಕ್ ಇಬ್ಬರು ಕೂತು, ಜೊತೆಗೆ ಸಾಮಾನು ಹೇರಿ, 60–70 ಕಿಮೀ ವೇಗದಲ್ಲಿ ಗುಂಡಿಗೆ ಬಿದ್ದರೂ ತಳಕ್ಕೆ ಬಡಿಯಬಾರದು ಎಂದು ಮಾಡಿದ್ದು. ಟ್ರಯಲ್ಸ್‌ನಲ್ಲಿ ಒಬ್ಬರೇ ಸವಾರ, ಅದೂ ಫುಟ್‌ರೆಸ್ಟ್ ಮೇಲೆ ನಿಂತು, ನಡಿಗೆಯ ವೇಗ. ಇಲ್ಲಿ ಶಾಕ್‌ಗೆ ಒಂದೇ ಕೆಲಸ: ಟೈರನ್ನು ಕಲ್ಲಿಗೆ ಒತ್ತಿ ಹಿಡಿಯುವುದು. ಉಬ್ಬು ಬಂದಾಗ ಚಕ್ರ ಸುಲಭವಾಗಿ ಮೇಲೇರಬೇಕು. ಅದಕ್ಕಿಂತ ಮುಖ್ಯವಾಗಿ, ತಗ್ಗು ಬಂದಾಗ ಚಕ್ರ ತಾನಾಗಿ ಕೆಳಗಿಳಿದು ನೆಲ ಹುಡುಕಬೇಕು. ಕೆಳಗಿಳಿಯಬೇಕಾದರೆ ಸವಾರ ನಿಂತಾಗ ಶಾಕ್ ಮೊದಲೇ ಒಂದಿಷ್ಟು ಕುಗ್ಗಿರಬೇಕು. ಈ ಕುಗ್ಗುವಿಕೆಗೆ ಸ್ಯಾಗ್ ಎನ್ನುತ್ತಾರೆ. ಟ್ರಯಲ್ಸ್ ಗಾಡಿಯಲ್ಲಿ ಚಕ್ರದ ಒಟ್ಟು ಓಡಾಟದ ಮೂರನೇ ಒಂದು ಭಾಗ ಸ್ಯಾಗ್ ಇರಬೇಕು ಎಂಬುದು ಒಳ್ಳೆಯ ಆರಂಭದ ಅಳತೆ.

ಬುಲೆಟ್‌ಗೂ ಟ್ರಯಲ್ಸ್‌ಗೂ ಸಂಬಂಧ ಹಳೆಯದು ಎಂಬುದನ್ನು ಇಲ್ಲಿ ನೆನೆಯಬೇಕು. ಹಿಂದೆ ಸ್ಪ್ರಿಂಗ್ ಇಟ್ಟರೆ ಹಿಡಿತ ತಪ್ಪುತ್ತದೆ, ಗಟ್ಟಿ ಫ್ರೇಮೇ ವಾಸಿ ಎಂದು ಟ್ರಯಲ್ಸ್ ಸವಾರರು ನಂಬಿದ್ದ ಕಾಲದಲ್ಲಿ, 1948ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಕೋಲ್ಮೋರ್ ಕಪ್ ಟ್ರಯಲ್‌ಗೆ ರಾಯಲ್ ಎನ್‌ಫೀಲ್ಡ್ ಸ್ವಿಂಗ್ ಆರ್ಮ್ ಇದ್ದ ಬುಲೆಟ್ ಇಳಿಸಿತು. ಮುಂದೆ ಜಾನಿ ಬ್ರಿಟನ್ ಬುಲೆಟ್ ಮೇಲೆಯೇ 1952 ಮತ್ತು 1957ರಲ್ಲಿ ಸ್ಕಾಟಿಷ್ ಆರು ದಿನಗಳ ಟ್ರಯಲ್ ಗೆದ್ದರು. ಗಾಡಿ ಭಾರ ನಿಜ, ಆದರೆ ಹಿಂದಿನ ಚಕ್ರ ನೆಲ ಬಿಡದಂತೆ ಮಾಡಿದರೆ ಅದರ ನಿಧಾನದ ಎಂಜಿನ್ ಬಂಡೆಯ ಮೇಲೆ ಚೆನ್ನಾಗಿ ಎಳೆಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಇದಕ್ಕೆ ಬೇಕಾದ್ದು ಒಂದು ತೂಕದ ಯಂತ್ರ, ಟೇಪು, ವರ್ನಿಯರ್ ಮತ್ತು ಹಿಡಿದುಕೊಳ್ಳಲು ಇನ್ನೊಬ್ಬರು.

ಹಿಂದಿನ ಚಕ್ರವನ್ನು ತೂಕದ ಯಂತ್ರದ ಮೇಲಿಟ್ಟು, ಮುಂದಿನ ಚಕ್ರದ ಕೆಳಗೆ ಅಷ್ಟೇ ದಪ್ಪದ ಹಲಗೆ ಕೊಡಿ. ನಿಮ್ಮದು 140 ಕೆಜಿ ಗಾಡಿಯಾದ್ದರಿಂದ ಹಿಂದೆ ಸುಮಾರು 70 ಕೆಜಿ ತೋರಿಸಬೇಕು. ಇದರಲ್ಲಿ ಚಕ್ರ, ಟೈರು, ಡ್ರಮ್, ಸ್ಪ್ರಾಕೆಟ್ ಇವು ಸ್ಪ್ರಿಂಗ್‌ನ ಮೇಲೆ ಕೂರುವುದಿಲ್ಲ. ಚಕ್ರ ಬಿಚ್ಚಿ ತೂಗಿ, ಅದಕ್ಕೆ ಸ್ವಿಂಗ್ ಆರ್ಮ್‌ನ ಅರ್ಧ ತೂಕ ಸೇರಿಸಿ. 24 ಕೆಜಿ ಎಂದಿಟ್ಟುಕೊಳ್ಳೋಣ. ಉಳಿದ 46 ಕೆಜಿ ಸ್ಪ್ರಿಂಗ್ ಹೊರುವ ಭಾರ. ನಂತರ ನೀವು ಫುಟ್‌ರೆಸ್ಟ್ ಮೇಲೆ ನಿಂತು, ಓಡಿಸುವಾಗ ನಿಲ್ಲುವ ಭಂಗಿಯಲ್ಲೇ ಇದ್ದು, ಒಬ್ಬರು ಹ್ಯಾಂಡಲ್ ಹಿಡಿದಿರಲಿ. ಹಿಂದಿನ ಯಂತ್ರ ಎಷ್ಟು ಏರಿತು ನೋಡಿ. 72 ಕೆಜಿಯ ಸವಾರನಿಂದ ಹಿಂದಕ್ಕೆ 38 ಕೆಜಿ ಬರುತ್ತದೆ ಎಂದು ಹಿಡಿದರೆ ಸ್ಪ್ರಿಂಗ್ ಹೊರುವ ಒಟ್ಟು ಭಾರ 84 ಕೆಜಿ. ಈ ಎರಡು ಅಂಕಿಗಳನ್ನು ನೀವೇ ತೂಗಿ ಸರಿಪಡಿಸಿಕೊಳ್ಳಬೇಕು. ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿದ್ದರೆ ಪಾಲು ಬದಲಾಗುತ್ತದೆ.

ಮುಂದಿನದು ಸನ್ನೆಯ ಲೆಕ್ಕ. ಶಾಕ್ ಆಕ್ಸಲ್‌ಗಿಂತ ಮುಂದೆ, ಸ್ವಲ್ಪ ಓರೆಯಾಗಿ ಕೂತಿರುವುದರಿಂದ ಚಕ್ರ ಏರಿದಷ್ಟು ಶಾಕ್ ಕುಗ್ಗುವುದಿಲ್ಲ. ಶಾಕ್ ಸ್ವಿಂಗ್ ಆರ್ಮ್‌ಗೆ ನೇರ ಲಂಬದಿಂದ 15 ಡಿಗ್ರಿ ವಾಲಿದೆ ಎಂದಿಟ್ಟುಕೊಂಡರೆ 430ನ್ನು 0.966ರಿಂದ ಗುಣಿಸಿ 415. 460 ಭಾಗಿಸು 415 ಅಂದರೆ 1.108. ಚಕ್ರ 1.108 ಮಿಮೀ ಏರಿದಾಗ ಶಾಕ್ 1 ಮಿಮೀ ಕುಗ್ಗುತ್ತದೆ. 85 ಮಿಮೀ ರಾಡ್ ಓಡಾಟಕ್ಕೆ ಚಕ್ರದಲ್ಲಿ ಸಿಗುವುದು 94 ಮಿಮೀ. ಅದರ ಮೂರನೇ ಒಂದು ಭಾಗ 31 ಮಿಮೀ. ಶಾಕ್‌ನ ಲೆಕ್ಕದಲ್ಲಿ 28 ಮಿಮೀ.

84 ಕೆಜಿಯನ್ನು 1.108ರಿಂದ ಗುಣಿಸಿ ಎರಡು ಶಾಕ್‌ಗೆ ಹಂಚಿದರೆ ತಲಾ 46.5 ಕೆಜಿ. ಸ್ಪ್ರಿಂಗ್ ಉದ್ದ 225, ಸೀಟುಗಳ ನಡುವೆ 217; ಅಂದರೆ ಜೋಡಿಸುವಾಗಲೇ 8 ಮಿಮೀ ಒತ್ತಿ ಕೂರಿಸಿದ್ದೀರಿ. ಇದು ಪ್ರಿಲೋಡ್. ಹಾಗಾಗಿ ಸ್ಪ್ರಿಂಗ್ ಒಟ್ಟು 36 ಮಿಮೀ ಕುಗ್ಗಿದಾಗ 46.5 ಕೆಜಿ ಹೊರಬೇಕು. ಭಾಗಿಸಿದರೆ ಮಿಲಿಮೀಟರಿಗೆ 1.29 ಕೆಜಿ. ಹೊರದೇಶದವರ ಪಟ್ಟಿಯಲ್ಲಿ ಇದು 12.7 ನ್ಯೂಟನ್ ಪ್ರತಿ ಮಿಮೀ, ಅಥವಾ 72 ಪೌಂಡ್ ಪ್ರತಿ ಇಂಚು ಎಂದಿರುತ್ತದೆ. 1 ಕೆಜಿ ಪ್ರತಿ ಮಿಮೀ ಎಂದರೆ 56 ಪೌಂಡ್ ಪ್ರತಿ ಇಂಚು ಎಂದು ನೆನಪಿಟ್ಟುಕೊಳ್ಳಿ, ಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಈಗಿನ ಸ್ಪ್ರಿಂಗ್ ಎಷ್ಟು ಗಟ್ಟಿ? ಸ್ಪ್ರಿಂಗ್‌ನ ಗಟ್ಟಿತನಕ್ಕೆ ಸೂತ್ರವಿದೆ: ತಂತಿಯ ದಪ್ಪದ ನಾಲ್ಕನೇ ಘಾತವನ್ನು ಉಕ್ಕಿನ ಸ್ಥಿರಾಂಕ 79,000ದಿಂದ ಗುಣಿಸಿ, ಅದನ್ನು 8, ಸುರುಳಿಯ ಸರಾಸರಿ ಅಗಲದ ಘನ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ ಈ ಮೂರರ ಗುಣಲಬ್ಧದಿಂದ ಭಾಗಿಸಿ. ಸರಾಸರಿ ಅಗಲವೆಂದರೆ ಹೊರ ಅಗಲದಲ್ಲಿ ಒಂದು ತಂತಿ ದಪ್ಪ ಕಳೆದದ್ದು, ನಿಮ್ಮಲ್ಲಿ 50 ಮಿಮೀ. ಎರಡು ತುದಿಯ ಚಪ್ಪಟೆ ಸುತ್ತುಗಳು ಕೆಲಸ ಮಾಡುವುದಿಲ್ಲ, ಆದ್ದರಿಂದ 16ರಲ್ಲಿ 14. ಉತ್ತರ 23.1 ನ್ಯೂಟನ್, ಅಂದರೆ ಮಿಲಿಮೀಟರಿಗೆ 2.36 ಕೆಜಿ. ಬೇಕಾದ್ದು 1.29.

ಇದರ ಪರಿಣಾಮ ನೋಡಿ. ಈಗ ನೀವು ನಿಂತಾಗ ಚಕ್ರದಲ್ಲಿ ಸ್ಯಾಗ್ 13 ಮಿಮೀ ಮಾತ್ರ. ನೀವಿಲ್ಲದೆ ಗಾಡಿ ತನ್ನ ಭಾರಕ್ಕೆ ಕುಗ್ಗುವುದು ಬರೀ 3 ಮಿಮೀ. ಮುರಕಲ್ಲಿನ ಗುಳಿಗೆ ಚಕ್ರ ಇಳಿಯಬೇಕಾದಾಗ 13 ಮಿಮೀ ಇಳಿದು ಶಾಕ್ ಚಾಚಿ ಮುಗಿಯುತ್ತದೆ, ಆಮೇಲೆ ಟೈರು ಗಾಳಿಯಲ್ಲಿ. ಎಣ್ಣೆ ಸೋರಿಹೋಗಿರುವುದರಿಂದ ವಾಪಸ್ ಚಾಚುವ ವೇಗಕ್ಕೆ ತಡೆಯೂ ಇಲ್ಲ. ನೀವು ಹೇಳಿದ ಪುಟಿತಕ್ಕೆ ಈ ಎರಡೂ ಸೇರಿ ಕಾರಣ.

ಸೂತ್ರವನ್ನು ಪೂರ್ತಿ ನಂಬಬೇಡಿ, ಸ್ಪ್ರಿಂಗನ್ನೇ ತೂಗಿ ನೋಡಿ. ಡ್ರಿಲ್ ಪ್ರೆಸ್‌ನ ಮೇಜಿನ ಮೇಲೆ ತೂಕದ ಯಂತ್ರ ಇಟ್ಟು, ಅದರ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಮೇಲೊಂದು ಚಪ್ಪಟೆ ತಟ್ಟೆ ಇಟ್ಟು ಒತ್ತಿ. ಮೊದಲ 10 ಮಿಮೀ ಒತ್ತಿದಾಗಿನ ತೂಕ ಬರೆದುಕೊಳ್ಳಿ, ಅಲ್ಲಿಂದ ಇನ್ನೂ 20 ಮಿಮೀ ಒತ್ತಿ ಮತ್ತೆ ಬರೆಯಿರಿ. ಎರಡರ ವ್ಯತ್ಯಾಸವನ್ನು 20ರಿಂದ ಭಾಗಿಸಿದರೆ ಗಟ್ಟಿತನ. ಮೊದಲ ಕೆಲವು ಮಿಲಿಮೀಟರ್‌ನಲ್ಲಿ ತುದಿಗಳು ಕೂರುತ್ತಿರುತ್ತವೆ, ಅದಕ್ಕೇ ಸೊನ್ನೆಯಿಂದ ಅಳೆಯಬಾರದು. 1.29ರ ಸ್ಪ್ರಿಂಗ್ ಆದರೆ ವ್ಯತ್ಯಾಸ ಸುಮಾರು 26 ಕೆಜಿ. ಸ್ಪ್ರಿಂಗ್ ಪಕ್ಕಕ್ಕೆ ಹಾರದಂತೆ ಒಳಗೊಂದು ಪೈಪು ಇರಲಿ. ಒತ್ತುತ್ತಾ ಹೋದಂತೆ ಗಟ್ಟಿತನ ಏರಿದರೆ ಅದು ಎರಡು ಬಗೆಯ ಸುತ್ತಿನ ಸ್ಪ್ರಿಂಗ್. ಅಂಥದ್ದಾದರೆ ಸ್ಯಾಗ್‌ನ ಜಾಗದಲ್ಲಿ, ಅಂದರೆ 30–40 ಮಿಮೀ ಕುಗ್ಗಿದಲ್ಲಿ, ಎಷ್ಟಿದೆ ಎಂಬುದೇ ನಿಮಗೆ ಮುಖ್ಯ.

ಇಲ್ಲಿ ಗರಾಜುಗಳಲ್ಲಿ ನಡೆಯುವ ಎರಡು ತಪ್ಪುಗಳ ಬಗ್ಗೆ ಹೇಳಲೇಬೇಕು. ಒಂದು, ಸ್ಪ್ರಿಂಗ್ ಮೆದುವಾಗಲಿ ಎಂದು ಎರಡು ಸುತ್ತು ಕತ್ತರಿಸುವುದು. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ನಿಮ್ಮ 14 ಸುತ್ತು 12 ಆದರೆ 2.36 ಇದ್ದದ್ದು 2.75 ಆಗುತ್ತದೆ. ಗಾಡಿ ತಗ್ಗುವುದರಿಂದ ಮೆದುವಾದಂತೆ ಕಾಣುತ್ತದೆ, ಅಷ್ಟೆ. ಇನ್ನೊಂದು, ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಇಳಿಸುವುದು. ಹದ ಹೋದ ಸ್ಪ್ರಿಂಗ್ ದಿನದಿಂದ ದಿನಕ್ಕೆ ಕೂರುತ್ತಾ ಹೋಗುತ್ತದೆ, ಒಂದು ದಿನ ಮುರಿಯಲೂಬಹುದು.

ಸರಿಯಾದ ದಾರಿ ಹೊಸ ಸ್ಪ್ರಿಂಗ್ ಸುತ್ತಿಸುವುದು, ಅಥವಾ ಆ ಅಳತೆಯ ಸ್ಪ್ರಿಂಗ್ ಇರುವ ಶಾಕ್ ತರಿಸುವುದು. ಸುತ್ತಿಸುವುದಾದರೆ ಸ್ಪ್ರಿಂಗ್ ಮಾಡುವವರಿಗೆ ಕೊಡಬೇಕಾದ ಅಳತೆ ಹೀಗಿರಲಿ: ತಂತಿ 7 ಮಿಮೀ, ಹೊರ ಅಗಲ 57, ಕೆಲಸ ಮಾಡುವ ಸುತ್ತು 15, ಎರಡು ತುದಿಯ ಸುತ್ತು ಸೇರಿ 17, ತುದಿಗಳು ಚಪ್ಪಟೆಯಾಗಿ ಗ್ರೈಂಡ್ ಆಗಿರಬೇಕು, ಉದ್ದ 225. ಪೂರ್ತಿ ಒತ್ತಿದರೆ 17 ಸುತ್ತು ಸೇರಿ 119 ಮಿಮೀ. ನಿಮಗೆ ಬೇಕಾದ ಗರಿಷ್ಠ ಕುಗ್ಗುವಿಕೆ 85 ಮತ್ತು 8 ಸೇರಿ 93. ಆಗ ಸ್ಪ್ರಿಂಗ್ ಉದ್ದ 132. ಅಂದರೆ ಸುತ್ತಿಗೆ ಸುತ್ತು ತಾಗುವ ಮೊದಲು 13 ಮಿಮೀ ಉಳಿಯುತ್ತದೆ. 10 ಮಿಮೀಗಿಂತ ಕಡಿಮೆ ಉಳಿಯುವ ಸ್ಪ್ರಿಂಗ್ ಒಪ್ಪಬೇಡಿ. ತಂತಿಯ ದಪ್ಪದಲ್ಲಿ ಹಠ ಬಿಡಬೇಡಿ. 7 ಮಿಮೀ ಇಲ್ಲ, 7.5 ಇದೆ, ಅರ್ಧ ಮಿಲಿಮೀಟರ್ ತಾನೇ ಎಂದರೆ ಒಪ್ಪಲಾಗದು. ನಾಲ್ಕನೇ ಘಾತದ ಲೆಕ್ಕದಲ್ಲಿ ಅದು 32 ಶೇಕಡಾ ಹೆಚ್ಚು ಗಟ್ಟಿ.

ಸುತ್ತಿಸಿದ ಮೇಲೆ ಸ್ಪ್ರಿಂಗನ್ನು ಏಳೆಂಟು ಸಲ ಪೂರ್ತಿ ಒತ್ತಿ ಬಿಡಲು ಹೇಳಿ. ಹೊಸ ಸ್ಪ್ರಿಂಗ್ ಇದರಿಂದ ಕೆಲವು ಮಿಮೀ ಕೂರುತ್ತದೆ, ಕೂರುವುದೆಲ್ಲ ಅಂಗಡಿಯಲ್ಲೇ ಮುಗಿಯಲಿ. 225 ಎಂಬುದು ಕೂತ ಮೇಲಿನ ಉದ್ದ. ಹೊಳಪಿಗಾಗಿ ಕ್ರೋಮ್ ಮಾಡಿಸಬೇಡಿ. ಕ್ರೋಮ್ ತೊಟ್ಟಿಯಲ್ಲಿ ಉಕ್ಕಿನೊಳಗೆ ಹೈಡ್ರೋಜನ್ ಸೇರುತ್ತದೆ, ಬಳಿಕ ಸರಿಯಾಗಿ ಒಲೆಯಲ್ಲಿ ಬೇಯಿಸದಿದ್ದರೆ ಗಟ್ಟಿ ಸ್ಪ್ರಿಂಗ್ ತುಂಡಾಗುತ್ತದೆ. ಪೌಡರ್ ಕೋಟಿಂಗ್ ಸಾಕು, ಕರಾವಳಿಯ ಉಪ್ಪುಗಾಳಿಗೆ ಅದೇ ವಾಸಿ.

ಇನ್ನು ಅಂಗಡಿಯವರ ಗ್ಯಾಸ್ ಶಾಕ್. ಗ್ಯಾಸ್ ತುಂಬುವುದು ಎಣ್ಣೆ ನೊರೆಯಾಗದಂತೆ. ರಾಡ್ ವೇಗವಾಗಿ ಓಡಾಡಿ ಎಣ್ಣೆ ಕಾದಾಗ ಅದರ ಉಪಯೋಗ ದೊಡ್ಡದು. ಮೋಟೋಕ್ರಾಸ್‌ಗೆ, ರಸ್ತೆ ರೇಸ್‌ಗೆ ಬೇಕೇ ಬೇಕು. ಟ್ರಯಲ್ಸ್‌ನಲ್ಲಿ ಎಣ್ಣೆ ಬೆಚ್ಚಗಾಗುವುದೂ ಅಪರೂಪ. ಬದಲಿಗೆ ತೊಂದರೆ ಇದೆ: 12 ಮಿಮೀ ರಾಡ್‌ನ ಮೇಲೆ 10 ಬಾರ್ ಗ್ಯಾಸ್ ಒತ್ತಡವಿದ್ದರೆ ಅದು ರಾಡನ್ನು 11.5 ಕೆಜಿ ಬಲದಿಂದ ಸದಾ ಹೊರಕ್ಕೆ ತಳ್ಳುತ್ತದೆ. ನಮ್ಮ ಸ್ಪ್ರಿಂಗ್‌ನ 8 ಮಿಮೀ ಪ್ರಿಲೋಡ್ ಕೊಡುವುದು 10.3 ಕೆಜಿ. ಎಂದರೆ ಕೇಳದೆಯೇ ಇನ್ನೊಂದು ಪ್ರಿಲೋಡ್ ಬಂದು ಕೂತಂತೆ. ಒತ್ತಡ ತಡೆಯುವ ಸೀಲ್ ರಾಡನ್ನು ಬಿಗಿಯಾಗಿ ಹಿಡಿಯುವುದರಿಂದ ಸಣ್ಣ ಉಬ್ಬಿಗೆ ಶಾಕ್ ಜಗ್ಗುವುದೂ ಇಲ್ಲ. ಪಾಚಿ ಕಟ್ಟಿದ ಬಂಡೆಯ ಮೇಲೆ ಆ ಸಣ್ಣ ಓಡಾಟವೇ ಹಿಡಿತ ಕೊಡುವುದು. ಪಕ್ಕಕ್ಕೆ ಡಬ್ಬಿ ಅಂಟಿಸಿದ ಅಗ್ಗದ ಶಾಕ್‌ಗಳು ಇನ್ನೂ ಕಡೆ. ಕೆಲವುದರಲ್ಲಿ ಆ ಡಬ್ಬಿ ಬರೀ ಅಲಂಕಾರ. ಕಡಿಮೆ ಒತ್ತಡದ, ಬಿಚ್ಚಿ ಕಟ್ಟಬಹುದಾದ ಎಣ್ಣೆ ಶಾಕ್ ನಿಮ್ಮ ಗಾಡಿಗೆ ಸರಿ.

ಉದ್ದದ ವಿಷಯದಲ್ಲಿ ಅಂಗಡಿಯವರ ಮಾತು ಪೂರ್ತಿ ತಪ್ಪಲ್ಲ, ಕಾರಣ ತಪ್ಪು. ಈಗಿನ ಗಟ್ಟಿ ಸ್ಪ್ರಿಂಗ್ ಇಟ್ಟುಕೊಂಡು 20 ಮಿಮೀ ಉದ್ದ ಮಾಡಿದರೆ ಹಿಂಭಾಗ ಚಕ್ರದಲ್ಲಿ 22 ಮಿಮೀ ಏರುತ್ತದೆ. ಬುಲೆಟ್‌ನ 1370 ಮಿಮೀ ವೀಲ್‌ಬೇಸ್‌ಗೆ (ಎರಡು ಚಕ್ರಗಳ ನಡುವಿನ ಅಂತರ) ಅದು ಸುಮಾರು 1 ಡಿಗ್ರಿ. ಮುಂದಿನ ಫೋರ್ಕ್ ಅಷ್ಟು ನೆಟ್ಟಗಾಗಿ, ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷ ನೆಲ ಸೇರುವಲ್ಲಿಂದ ಟೈರ್ ನೆಲ ಮುಟ್ಟುವಲ್ಲಿಗೆ ಇರುವ ಅಂತರ) 7 ಮಿಮೀ ಹತ್ತಿರ ಕಡಿಮೆಯಾಗಿ, ಇಳಿಜಾರಿನಲ್ಲಿ ಹ್ಯಾಂಡಲ್ ಥಟ್ಟನೆ ಒಳಕ್ಕೆ ತಿರುಗುತ್ತದೆ. ಆದರೆ ಮೆದು ಸ್ಪ್ರಿಂಗ್ ಹಾಕಿದಾಗ ಲೆಕ್ಕ ಬೇರೆ. ಸ್ಯಾಗ್ 13ರಿಂದ 31ಕ್ಕೆ ಹೋಗುವುದರಿಂದ ಓಡಿಸುವಾಗ ಹಿಂಭಾಗ ಈಗಿಗಿಂತ 18 ಮಿಮೀ ತಗ್ಗುತ್ತದೆ, ಫೋರ್ಕ್ ಹಿಂದಕ್ಕೆ ಒರಗುತ್ತದೆ, ಎಂಜಿನ್ ತಳ ಕಲ್ಲಿಗೆ ಹತ್ತಿರವಾಗುತ್ತದೆ. ಅದನ್ನು ಸರಿದೂಗಿಸಲು ಶಾಕ್‌ನಲ್ಲಿ 16 ಮಿಮೀ ಬೇಕು. ಹೀಗಾಗಿ 335 ಮಿಮೀ ಉದ್ದದ ಶಾಕ್ ನಿಮ್ಮ ಗಾಡಿಗೆ ಹೊಂದುತ್ತದೆ, ಮೆದು ಸ್ಪ್ರಿಂಗ್‌ನ ಜೊತೆಗೆ ಮಾತ್ರ. ಅದಕ್ಕಿಂತ ಮೇಲೆ ಹೋಗಬೇಡಿ.

335 ಎಂದು ಕೇಳುವಾಗ ರಾಡ್ ಓಡಾಟವನ್ನೂ ಕೇಳಿ. ಈಗಿನ ಶಾಕ್ ಪೂರ್ತಿ ಕುಗ್ಗಿದಾಗ 320 ಕಳೆ 85, ಅಂದರೆ 235 ಮಿಮೀ. ಹೊಸದು ಕುಗ್ಗಿದಾಗ 235ಕ್ಕಿಂತ ಗಿಡ್ಡವಾದರೆ ಟೈರ್ ಮಡ್‌ಗಾರ್ಡ್‌ಗೆ ತಾಗಬಹುದು. 335 ಉದ್ದ, 100 ಮಿಮೀ ಓಡಾಟದ ಶಾಕ್ ಸಿಕ್ಕಿದರೆ ಕುಗ್ಗಿದ ಉದ್ದ ಅದೇ 235, ಚಕ್ರದ ಓಡಾಟ 111 ಮಿಮೀಗೆ ಏರುತ್ತದೆ. ಆಗ ಮೂರನೇ ಒಂದು ಭಾಗ 37 ಮಿಮೀ, ಸ್ಪ್ರಿಂಗ್ 1.12 ಕೆಜಿ ಪ್ರತಿ ಮಿಮೀ, ಪೌಂಡ್ ಲೆಕ್ಕದಲ್ಲಿ 63. ಆಯ್ಕೆ ಇದ್ದರೆ ಇದನ್ನೇ ತೆಗೆದುಕೊಳ್ಳಿ.

ಎಲ್ಲಿಂದ ತರುವುದು? ಇಂಗ್ಲೆಂಡಿನ ಫಾಲ್ಕನ್, ಹ್ಯಾಗನ್, ಸ್ಪೇನಿನ ಬೆಟೋರ್ ಹೆಸರಿನಲ್ಲಿ ಹಳೆ ಎರಡು-ಶಾಕ್ ಗಾಡಿಗಳಿಗೆ ಹೊಂದುವ ಶಾಕ್‌ಗಳು ಬರುತ್ತವೆ. ಬುಲ್ಟಾಕೊ ಶೆರ್ಪಾದಂಥ ಹಗುರ ಟ್ರಯಲ್ಸ್ ಗಾಡಿಗೆ 40–50 ಪೌಂಡ್ ಸ್ಪ್ರಿಂಗ್ ಸಾಮಾನ್ಯ. ಹೆಸರು ನೋಡಿ ಅದನ್ನೇ ತರಿಸಿದರೆ ಬುಲೆಟ್‌ನ ಭಾರಕ್ಕೆ ತಳ ಬಡಿಯುತ್ತದೆ. ಉದ್ದ, ಓಡಾಟ, ಕಣ್ಣಿನ ಅಳತೆ, ಗಾಡಿಯ ತೂಕ, ಸವಾರನ ತೂಕ, ಬೇಕಾದ ಸ್ಪ್ರಿಂಗ್ ಇಷ್ಟೂ ಬರೆದು ಕೇಳಿ.

ಖರ್ಚು ಕಡಿಮೆ ಇರಬೇಕೆಂದರೆ ಬುಲೆಟ್‌ಗೆ ಸಿಗುವ ಸಾಮಾನ್ಯ ಶಾಕ್‌ನ ಡ್ಯಾಂಪರ್ (ಎಣ್ಣೆಯಿಂದ ಓಡಾಟದ ವೇಗ ತಡೆಯುವ ಭಾಗ) ಇಟ್ಟುಕೊಂಡು ಸ್ಪ್ರಿಂಗ್ ಮಾತ್ರ ಮೆದು ಮಾಡುವುದು. ಇದು ನಡೆಯುತ್ತದೆ, ಒಂದು ಎಚ್ಚರಿಕೆಯೊಂದಿಗೆ. ಗಟ್ಟಿ ಸ್ಪ್ರಿಂಗನ್ನು ತಡೆಯಲು ಮಾಡಿದ ಡ್ಯಾಂಪರ್ ಮೆದು ಸ್ಪ್ರಿಂಗ್‌ಗೆ ವಿಪರೀತ ಬಿಗಿ. ಚಾಚುವುದು ನಿಧಾನವಾಗಿ, ಸಾಲು ಕಲ್ಲಿನ ಮೇಲೆ ಮೊದಲ ಕಲ್ಲಿಗೆ ಕುಗ್ಗಿದ ಶಾಕ್ ಎರಡನೆಯದಕ್ಕೆ ಮುಂಚೆ ಚಾಚಿರುವುದಿಲ್ಲ. ಮೂರನೆಯದಕ್ಕೆ ಇನ್ನೂ ತಗ್ಗಿ, ಕೊನೆಗೆ ಗಟ್ಟಿ ಫ್ರೇಮಿನಂತೆ ಒದೆಯುತ್ತದೆ. ಸ್ಪ್ರಿಂಗ್ 2.36ರಿಂದ 1.29ಕ್ಕೆ ಇಳಿದಾಗ ಬೇಕಾದ ಡ್ಯಾಂಪಿಂಗ್ ಸುಮಾರು ಕಾಲು ಭಾಗ ಕಡಿಮೆ. ಬಿಚ್ಚಲು ಬರುವ ಡ್ಯಾಂಪರ್ ಆದರೆ 10ರ ಫೋರ್ಕ್ ಎಣ್ಣೆಯ ಬದಲು ಅದಕ್ಕಿಂತ ತೆಳುವಾದ 5ರದ್ದು ಹಾಕಿ ನೋಡಿ. ಅಂಚು ಮಡಿಚಿ ಮುಚ್ಚಿದ ಡ್ಯಾಂಪರನ್ನು ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸುವುದು ಬೇಡ. ಬಿಸಿಗೆ ಸೀಲ್ ಸುಟ್ಟು, ರಾಡ್ ನೇರ ತಪ್ಪುತ್ತದೆ. ಗ್ಯಾಸ್ ತುಂಬಿದ್ದನ್ನಂತೂ ಯಾರೂ ಕತ್ತರಿಸಬಾರದು, ಕೊರೆಯಬಾರದು.

100–125 ಸಿಸಿ ಗಾಡಿಯ ಶಾಕ್ ಹಾಕಿದರೆ ಮೆದುವಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಸ್ಪ್ರಿಂಗ್ ಮೆದು ಇರಬಹುದು, ಆದರೆ ರಾಡ್ ತೆಳು, ಓಡಾಟ ಕಡಿಮೆ, ಕಣ್ಣಿನ ಬುಶ್ ಸಣ್ಣದು. ಬೇಡ.

ಎಣ್ಣೆಯ ಪ್ರಮಾಣದಲ್ಲಿ ಆಗುವ ತಪ್ಪು ವಿವರಿಸಬೇಕು. ರಾಡ್ ಒಳಬಂದಷ್ಟು ಜಾಗ ಒಳಗೆ ಖಾಲಿ ಇರಬೇಕು. 12 ಮಿಮೀ ರಾಡ್ 85 ಮಿಮೀ ಒಳಬಂದರೆ ಸುಮಾರು 10 ಮಿಲೀ ಜಾಗ ಹಿಡಿಯುತ್ತದೆ. ಅದಕ್ಕೆ ಕನಿಷ್ಠ 15–20 ಮಿಲೀ ಗಾಳಿಯ ಜಾಗ ಬಿಡಿ. ಕಂಠಪೂರ್ತಿ ಎಣ್ಣೆ ತುಂಬಿದರೆ ಮೊದಲ ದೊಡ್ಡ ಹೊಡೆತಕ್ಕೇ ಸೀಲ್ ಹೊರಬರುತ್ತದೆ, ಇಲ್ಲವೇ ರಾಡ್ ಬಾಗುತ್ತದೆ. ಕಡಿಮೆಯಾದರೆ ಓಡಾಟದ ನಡುವೆ ಪೊಳ್ಳು ಸಿಗುತ್ತದೆ. ಸ್ಪ್ರಿಂಗ್ ಇಲ್ಲದೆ ಡ್ಯಾಂಪರ್ ನೆಟ್ಟಗೆ ಹಿಡಿದು ಆರೇಳು ಸಲ ಪಂಪ್ ಮಾಡಿ ಗಾಳಿ ಬಿಡಿಸಿ, ಬಳಿಕ ಕೈಯಲ್ಲಿ ಒತ್ತಿ, ಎಳೆದು ನೋಡಿ. ಒತ್ತುವಾಗ ಸುಲಭ, ಎಳೆಯುವಾಗ ಬಿಗಿ, ಎರಡೂ ದಿಕ್ಕಿನಲ್ಲಿ ಉದ್ದಕ್ಕೂ ಒಂದೇ ಹದ ಇರಬೇಕು. ಎರಡು ಶಾಕ್ ಒಂದಕ್ಕೊಂದು ಹೋಲಬೇಕು. ಒಂದು ಮಾತ್ರ ಬದಲಿಸುವುದು ಎಂದೂ ಬೇಡ. ಹಳೆ ಬಗೆಯ ಎರಡು-ಕೊಳವೆ ಡ್ಯಾಂಪರ್‌ಗಳನ್ನು ದೇಹ ಕೆಳಗೆ, ರಾಡ್ ಮೇಲೆ ಇರುವಂತೆಯೇ ಕಟ್ಟಬೇಕು. ತಲೆಕೆಳಗಾಗಿಸಿದರೆ ವಾಲ್ವ್‌ಗೆ ಎಣ್ಣೆಯ ಬದಲು ಗಾಳಿ ಸೇರಿ ಡ್ಯಾಂಪಿಂಗೇ ಇರುವುದಿಲ್ಲ.

ನಿಮ್ಮ ಈಗಿನ ಶಾಕ್ ಏಕೆ ಸೋರಿತು ಎಂದೂ ನೋಡಿ. ರಾಡ್ ಮೇಲೆ ಉಗುರು ಎಳೆದರೆ ಸಣ್ಣ ಗುಳಿ ಸಿಕ್ಕಿದಲ್ಲಿ ಕ್ರೋಮ್ ತುಕ್ಕು ಹಿಡಿದಿದೆ. ಅಂಥ ರಾಡ್‌ಗೆ ಎಷ್ಟು ಸಲ ಸೀಲ್ ಬದಲಿಸಿದರೂ ತಿಂಗಳೊಳಗೆ ಹರಿಯುತ್ತದೆ. ರಾಡ್ ಗ್ರೈಂಡ್ ಮಾಡಿ, ಹಾರ್ಡ್ ಕ್ರೋಮ್ ಹಾಕಿ, ಮೊದಲಿನ ಅಳತೆಗೆ ಮತ್ತೆ ಗ್ರೈಂಡ್ ಮಾಡಿಸಬೇಕು. ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿ ಅಥವಾ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಕಡೆ ಇಂಥ ಕೆಲಸ ವಿಚಾರಿಸಿ. ಹಳೆ ಬುಲೆಟ್‌ನ ಶಾಕ್ ಮೇಲಿನ ತಗಡಿನ ಹೊದಿಕೆ ನಮ್ಮ ಕೆಮ್ಮಣ್ಣನ್ನು ಒಳಗೇ ಹಿಡಿದಿಡುತ್ತದೆ, ಟ್ರಯಲ್ಸ್‌ಗೆ ತೆಗೆದುಬಿಡಿ. ಪಣಂಬೂರು, ಮಲ್ಪೆ ಕಡಲತೀರದ ಹೊಯ್ಗೆಯಲ್ಲಿ ಈ ಗಾಡಿ ಓಡಿಸಬೇಡಿ. ಮಳೆಯಲ್ಲಿ ಓಡಿಸಿದ ದಿನ ಸಿಹಿನೀರಿನಲ್ಲಿ ತೊಳೆದು, ರಾಡನ್ನು ಎಣ್ಣೆ ಬಟ್ಟೆಯಿಂದ ಒರೆಸಿ. ಸರ್ವಿಸ್ ಸ್ಟೇಷನ್‌ನ ಪ್ರೆಷರ್ ನೀರನ್ನು ಸೀಲ್‌ಗೆ ನೇರ ಹಿಡಿಯಬಾರದು.

ಜೋಡಿಸುವ ಮೊದಲು ಶಾಕ್ ಇಲ್ಲದೆ ಸ್ವಿಂಗ್ ಆರ್ಮ್ ಎತ್ತಿ ಬಿಡಿ. ಎಲ್ಲೂ ಹಿಡಿಯದೆ ತನ್ನ ಭಾರಕ್ಕೆ ಇಳಿಯಬೇಕು, ತುದಿಯಲ್ಲಿ ಪಕ್ಕಕ್ಕೆ ಅಲುಗಬಾರದು. ಅಲುಗಿದರೆ ಮೊದಲು ಪಿವಟ್ ಬುಶ್.

ಹೊಸ ಶಾಕ್‌ನ ಕಣ್ಣಿನ ಒಳ ಅಳತೆ, ಅಗಲ ಎರಡನ್ನೂ ವರ್ನಿಯರ್‌ನಲ್ಲಿ ನೋಡಿ. ಸಡಿಲವಿದ್ದರೆ ಲೇತ್‌ನಲ್ಲಿ ಸ್ಟೀಲ್ ಸ್ಲೀವ್ ಮಾಡಿಸಿ, ತಗಡು ಸುತ್ತಿ ಬಿಗಿ ಮಾಡಬೇಡಿ. ಮೊದಲ ಸಲ ಸ್ಪ್ರಿಂಗ್ ಇಲ್ಲದೆ ಬರೀ ಡ್ಯಾಂಪರ್ ಕಟ್ಟಿ, ಜ್ಯಾಕ್‌ನಿಂದ ಚಕ್ರವನ್ನು ಬಂಪ್ ರಬ್ಬರ್ ಒತ್ತುವವರೆಗೆ ಎತ್ತಿ. ಟೈರಿಗೂ ಮಡ್‌ಗಾರ್ಡ್‌ಗೂ 15–20 ಮಿಮೀ ಉಳಿದಿರಬೇಕು. 4.00 ಅಗಲದ ಟ್ರಯಲ್ಸ್ ಟೈರ್ ಹಾಕಿದ್ದರೆ ಸ್ಪ್ರಿಂಗ್‌ಗೂ ಟೈರಿಗೂ ನಡುವೆ ಬೆರಳು ಹೋಗುತ್ತದೆಯೇ ನೋಡಿ. ಎಡಬದಿಯಲ್ಲಿ ಸ್ಪ್ರಿಂಗ್ ಚೈನ್ ಗಾರ್ಡ್‌ಗೆ ತಾಗಬಾರದು. ಹಾಗೆಯೇ ಚಕ್ರವನ್ನು ಪೂರ್ತಿ ಕೆಳಗೆ ಬಿಟ್ಟಾಗ ಚೈನ್ ಸ್ವಿಂಗ್ ಆರ್ಮ್ ಉಜ್ಜುತ್ತದೆಯೇ ನೋಡಬೇಕು. ಉದ್ದದ ಶಾಕ್‌ನ ಮಾಮೂಲು ತೊಂದರೆ ಇದು. ಚೈನ್ ಬಿಗಿ ಮಾಡುವುದನ್ನು ಗೇರ್‌ಬಾಕ್ಸ್ ಸ್ಪ್ರಾಕೆಟ್, ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಯಲ್ಲಿ ಬಂದಾಗ ನೋಡಿ, ಚೈನ್ ಅತ್ಯಂತ ಬಿಗಿಯಾಗುವುದು ಅಲ್ಲೇ. ಶಾಕ್ 15 ಮಿಮೀ ಉದ್ದವಾದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿದಾಗ ಹಿಂದಿನ ಚಕ್ರ ನೆಲ ತಾಗುವುದೂ ಸಹಜ.

ರಬ್ಬರ್ ಬುಶ್ ಇರುವ ಕಣ್ಣುಗಳ ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ, ಒಬ್ಬರು ಮೇಲೆ ನಿಂತಿರುವಾಗ ಬಿಗಿ ಮಾಡಿ. ಚಕ್ರ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಕೊನೆಗೆ ಸ್ಯಾಗ್ ಅಳೆಯಿರಿ. ಆಕ್ಸಲ್‌ನಿಂದ ನೇರ ಮೇಲಿನ ಮಡ್‌ಗಾರ್ಡ್‌ನ ಒಂದು ಗುರುತಿಗೆ ಮೂರು ಅಳತೆ: ಚಕ್ರ ಗಾಳಿಯಲ್ಲಿ, ಗಾಡಿ ತಾನೇ ನಿಂತಾಗ, ನೀವು ಫುಟ್‌ರೆಸ್ಟ್ ಮೇಲೆ ನಿಂತಾಗ. ಪ್ರತಿ ಸಲವೂ ಒಮ್ಮೆ ಒತ್ತಿ ಮೆಲ್ಲ ಬಿಟ್ಟು, ಒಮ್ಮೆ ಎತ್ತಿ ಮೆಲ್ಲ ಬಿಟ್ಟು ಅಳೆದು ಸರಾಸರಿ ತೆಗೆಯಿರಿ. ಎರಡರ ನಡುವೆ 10 ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಬುಶ್ ಹಿಡಿಯುತ್ತಿದೆ. 1.29ರ ಸ್ಪ್ರಿಂಗ್‌ಗೆ ಲೆಕ್ಕದ ಪ್ರಕಾರ ಗಾಡಿ ತಾನೇ 13 ಮಿಮೀ, ನೀವು ನಿಂತಾಗ 31 ಮಿಮೀ ಬರಬೇಕು. ನೀವು ನಿಂತಾಗಿನ ಸ್ಯಾಗ್ ಸರಿ ಬಂದು, ಗಾಡಿ ತಾನೇ ಒಂದಿಷ್ಟೂ ಕುಗ್ಗದಿದ್ದರೆ ಸ್ಪ್ರಿಂಗ್ ಅತಿ ಮೆದು, ಪ್ರಿಲೋಡ್ ಅತಿ ಹೆಚ್ಚು. ನೀವು ನಿಂತಾಗಿನದು ಸರಿಯಿದ್ದೂ ಗಾಡಿ ತಾನೇ 25 ಮಿಮೀ ಕುಗ್ಗುತ್ತಿದ್ದರೆ ಸ್ಪ್ರಿಂಗ್ ಇನ್ನೂ ಗಟ್ಟಿ. ಇವನ್ನು ಪ್ರಿಲೋಡ್ ತಿರುಗಿಸಿ ಸರಿಪಡಿಸಲು ಆಗದು, ಸ್ಪ್ರಿಂಗೇ ಬದಲಾಗಬೇಕು. 2–3 ಮಿಮೀ ವ್ಯತ್ಯಾಸಕ್ಕೆ ಮಾತ್ರ ಪ್ರಿಲೋಡ್ ಬದಲಿಸುವ ಕಾಲರ್ ತಿರುಗಿಸಿ, ಎರಡೂ ಬದಿ ಒಂದೇ ಮೆಟ್ಟಿಲಲ್ಲಿರಲಿ.

ಓಡಿಸಿ ನೋಡುವಾಗ ಹಿಂದಿನ ಟೈರಿನ ಗಾಳಿ ಟ್ರಯಲ್ಸ್‌ನ ಮಟ್ಟಕ್ಕೇ ಇರಲಿ. ಹಗುರ ಗಾಡಿಗಳಲ್ಲಿ 4–6 ಪಿಎಸ್‌ಐ ಇಡುತ್ತಾರೆ. ಟ್ಯೂಬ್ ಇರುವ ಭಾರದ ಬುಲೆಟ್‌ಗೆ 7–8 ಇಟ್ಟು, ಟೈರ್ ರಿಮ್ ಮೇಲೆ ಜಾರದಂತೆ ರಿಮ್ ಲಾಕ್ ಹಾಕಿ. ರಸ್ತೆಯ 28ರಲ್ಲಿ ಪರೀಕ್ಷಿಸಿದರೆ ಪುಟಿಯುವುದು ಟೈರೋ ಶಾಕೋ ಗೊತ್ತಾಗುವುದಿಲ್ಲ. ಒಂದಡಿ ಎತ್ತರದ ಮುರಕಲ್ಲಿನಿಂದ ನಿಧಾನ ಇಳಿಯಿರಿ. ಹಿಂಭಾಗ ಒಮ್ಮೆ ಎದ್ದು ಕೂತರೆ ಸರಿ. ಎರಡು ಮೂರು ಸಲ ಕುಣಿದರೆ ಎಣ್ಣೆ ತೆಳು. ಏಳುವುದೇ ಇಲ್ಲವೆಂದರೆ ದಪ್ಪ. ಇಪ್ಪತ್ತು ಮೂವತ್ತು ಗಂಟೆ ಓಡಿಸಿದ ಮೇಲೆ ಸ್ಪ್ರಿಂಗ್ ಬಿಚ್ಚಿ ಉದ್ದ ಮತ್ತೆ ಅಳೆಯಿರಿ. 225 ಇದ್ದದ್ದು 3 ಮಿಮೀಗಿಂತ ಹೆಚ್ಚು ಕೂತಿದ್ದರೆ ಸ್ಪ್ರಿಂಗ್ ಮಾಡಿದವರಿಗೆ ಹಿಂದಿರುಗಿಸಿ.